ಸ್ವಂತ ಮೈಕ್ರೋಮೀಟರಿನ ಪಗಾರ

ನಿಮ್ಮ ಕಸಬಿನಲ್ಲಿ ಪಗಾರ ಎಷ್ಟು ಎಂದು ಕೇಳುವವರಿಗೆ ನಾನು ನೆಟ್ಟಗೆ ಉತ್ತರ ಕೊಟ್ಟದ್ದು ಕಡಿಮೆ. ಕೊಡುವುದಾದರೂ ಹೇಗೆ? ವಿಜಯಪುರದ ಒಂದೇ ಓಣಿಯಲ್ಲಿ ಇಂಜಿನ್ ಭಾಗ ಉಜ್ಜಿ ಕೊಡುವ ಎರಡು ಅಂಗಡಿಗಳಲ್ಲಿ, ಒಂದೇ ಥರದ ಮಷಿನ್ ಮುಂದೆ ನಿಂತ ಇಬ್ಬರಿಗೆ ಒಂದೇ ಪಗಾರ ಇರುವುದಿಲ್ಲ. ಐಟಿಐ ಸರ್ಟಿಫಿಕೇಟು ತೋರಿಸಿದರೆ ಮಾಲಕರು ಅದರ ಮೇಲೆ ಚಹಾದ ಕಪ್ಪು ಇಡುತ್ತಾರೆ. ಅವರು ನೋಡುವುದು ಎರಡೇ. ನಿನ್ನನ್ನೇ ಕೇಳಿಕೊಂಡು ಎಷ್ಟು ಮೆಕ್ಯಾನಿಕ್‌ಗಳು ಬರುತ್ತಾರೆ, ಮತ್ತು ಅಳತೆಯ ಸಾಮಾನು ನಿನ್ನದೋ ಅಂಗಡಿಯದೋ.

ನನ್ನದು ಸ್ವಂತದ್ದು. ಸಾಂಗ್ಲಿಯಲ್ಲಿ ಹಳೇ ಸಾಮಾನು ಮಾರುವವನ ಹತ್ತಿರ ಚೌಕಾಸಿ ಮಾಡಿ ಕೊಂಡ, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್. ಆ ವರ್ಷ ಹೆಂಡತಿ ಹಬ್ಬದ ಸೀರೆ ಬಿಟ್ಟಳು. ಆ ಮಾತನ್ನು ಇನ್ನೂ ಕೇಳುತ್ತಿದ್ದೇನೆ. ಆದರೆ ಅದು ಕೈಗೆ ಬಂದ ಮೇಲೆ ನನ್ನ ಪಗಾರ ಹದಿನಾಲ್ಕರಿಂದ ಹದಿನೆಂಟು ಸಾವಿರಕ್ಕೆ ಏರಿತು.

ನನ್ನನ್ನೇ ಕೇಳಿಕೊಂಡು ಬರುವವರಲ್ಲಿ ಮೊದಲಿಗ ತಿಕೋಟಾದ ಒಬ್ಬ ಮೆಕ್ಯಾನಿಕ್. ನನಗಿಂತ ಆರೇಳು ವರ್ಷ ದೊಡ್ಡವನು, ಅಣ್ಣಾ ಅನ್ನುತ್ತಿದ್ದೆ. ಬಸ್ ನಿಲ್ದಾಣದ ಬದಿಗೆ ಅವನ ಗ್ಯಾರೇಜು. ದ್ರಾಕ್ಷಿ ತೋಟದವರ ಟ್ರ್ಯಾಕ್ಟರುಗಳೆಲ್ಲ ಅವನ ಕೈಯಲ್ಲಿ. ಕ್ರ್ಯಾಂಕನ್ನು, ಅಂದರೆ ಇಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಉಕ್ಕಿನ ದಂಡವನ್ನು, ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತರುತ್ತಿದ್ದ. ಸವೆದ ಕಡೆ ಉಜ್ಜಿ, ಹೊಸ ಬೇರಿಂಗಿಗೆ ಸರಿಯಾದ ಅಳತೆಗೆ ತರುವುದು ನನ್ನ ಕೆಲಸ. ಉಳಿದ ಮೆಕ್ಯಾನಿಕ್‌ಗಳು ನನ್ನ ಕೆಲಸವನ್ನು ಮತ್ತೊಮ್ಮೆ ಅಳೆಸಿಯೇ ಒಯ್ಯುತ್ತಿದ್ದರು. ಇವನು ಮಾತ್ರ, “ನೀ ಅಳದಿ ಅಂದ್ರ ಮುಗೀತು, ಬರೋಬ್ಬರಿನ ಇರತೈತಿ,” ಎಂದು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ.

ಅದು ದ್ರಾಕ್ಷಿ ಬಳ್ಳಿ ಕತ್ತರಿಸಿ ಔಷಧ ಹೊಡೆಯುವ ಹಂಗಾಮು. ದೀಪಾವಳಿಗೆ ಇನ್ನೊಂದು ವಾರವಿತ್ತು. ಪಾಡ್ಯದ ದಿನ ಮಾಲಕ ಎಲ್ಲರಿಗೂ ಹೊಸ ಪಗಾರ ಹೇಳುವ ರೂಢಿ, ನನಗೆ ಇಪ್ಪತ್ತೆರಡು ಎಂದು ಮೊದಲೇ ಬಾಯಿಬಿಟ್ಟಿದ್ದ. ಅಣ್ಣನ ಕ್ರ್ಯಾಂಕನ್ನು ಮಷಿನ್ನಿಗೆ ಏರಿಸುವಾಗ ಮೈಕ್ರೋಮೀಟರ್ ಎಣ್ಣೆಗೈಯಿಂದ ಜಾರಿ ನೆಲಕ್ಕೆ ಬಿತ್ತು. ಯಾರೂ ನೋಡಲಿಲ್ಲ. ಬಿದ್ದ ಸಾಮಾನನ್ನು ಅಳತೆ ಖಚಿತವಾಗಿ ಗೊತ್ತಿರುವ ಉಕ್ಕಿನ ಕಡ್ಡಿ ಹಿಡಿದು ಪರೀಕ್ಷಿಸಬೇಕು. ಆ ಕಡ್ಡಿ ಇದ್ದದ್ದು ಮಾಲಕನ ಮೇಜಿನ ಖಾನೆಯಲ್ಲಿ. ಕೇಳಿದರೆ ಬೀಳಿಸಿದೆ ಎಂದು ನಾನೇ ಸಾರಿದಂತೆ. ಬೆಳಕಿಗೆ ಹಿಡಿದು ನೋಡಿದೆ, ಎಲ್ಲೂ ಬಾಗಿದಂತೆ ಕಾಣಲಿಲ್ಲ. ಅದರಲ್ಲೇ ಅಳೆದು ಕೆಲಸ ಮುಗಿಸಿ ಕೊಟ್ಟೆ.

ಮರುದಿನ ಮಧ್ಯಾಹ್ನ ಅವನ ಫೋನು ಬಂತು. “ತಮ್ಮಾ, ಬೋಲ್ಟ್ ಬಿಗದ ಮ್ಯಾಲ ಕ್ರ್ಯಾಂಕ್ ತಿರಗಿಸಿದ್ರ ಭಾಳ ಬಿಗಿ ಬರಾಕತ್ತೈತಿ.”

“ಹೊಸಾ ಬೇರಿಂಗ್ ಅಲ್ಲೇನಣ್ಣಾ. ಓಡಿದ್ರ ಸಡ್ಲ ಆಕ್ಕೈತ್ರಿ,” ಎಂದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

“ಹಂಗಂತೀ? ಆತು, ನಾಳಿ ಮುಂಜಾನೆ ಚಾಲೂ ಮಾಡ್ತೇನಿ. ತೋಟದವ್ರು ಜೀವಾ ತಿನ್ನಾಕತ್ತಾರ.”

ಮಾಲಕ ಊಟಕ್ಕೆ ಹೋದ ಹೊತ್ತಿಗೆ ಖಾನೆ ತೆಗೆದು ಕಡ್ಡಿ ಹಿಡಿದು ನೋಡಿದೆ. ಅರ್ಧ ಕೂದಲೆಳೆಯಷ್ಟು ತಪ್ಪು. ಅಷ್ಟೇ ದಪ್ಪ ಕ್ರ್ಯಾಂಕಿನಲ್ಲಿ ಹೆಚ್ಚಾಗಿ ಉಳಿದಿತ್ತು, ಓಡಿಸಿದರೆ ಬೇರಿಂಗು ಸುಡುವುದು ಖಂಡಿತ. ಚಾಲೂ ಮಾಡಬ್ಯಾಡ್ರಿ, ಬಿಚ್ಚಿ ತರ್ರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಫೋನು ಕೈಯಲ್ಲೇ ಇತ್ತು, ಅವನ ನಂಬರೂ ಎದುರಿಗಿತ್ತು. ಇಪ್ಪತ್ತೆರಡು ಸಾವಿರ ನೆನಪಾಯಿತು. ಫೋನನ್ನು ಕಿಸೆಗೆ ಹಾಕಿದೆ.

ಹೇಸಿಗೆಯ ಕೆಲಸ ಇನ್ನೂ ಮುಂದಿದೆ. ಮೈಕ್ರೋಮೀಟರನ್ನು ಸರಿಪಡಿಸಲು ಅದರ ಡಬ್ಬಿಯಲ್ಲೇ ಸಣ್ಣ ಕೀಲಿ ಇರುತ್ತದೆ, ಎರಡು ನಿಮಿಷದ ಕೆಲಸ. ನಾನು ಸರಿಪಡಿಸಲಿಲ್ಲ. ಕ್ರ್ಯಾಂಕು ತಿರುಗಿ ಬಂದರೆ ಎಲ್ಲರೆದುರು ಅಳೆದು ತೋರಿಸಬೇಕಾಗುತ್ತದೆ, ಆಗ ಅದು ನಿಜ ನುಡಿದುಬಿಟ್ಟರೆ? ಅದನ್ನು ತಪ್ಪಾಗಿಯೇ ಇಟ್ಟುಕೊಂಡೆ. ಮುಂದಿನ ನಾಲ್ಕು ದಿನ ಬೇರೆಯವರ ಕ್ರ್ಯಾಂಕುಗಳನ್ನು, ಆ ಅರ್ಧ ಕೂದಲನ್ನು ತಲೆಯಲ್ಲೇ ಕೂಡಿಸಿ, ಒಂದಿಷ್ಟೂ ತಪ್ಪದಂತೆ ಉಜ್ಜಿ ಕೊಟ್ಟೆ. ಬುದ್ಧಿಗೇನೂ ಕಡಿಮೆ ಇರಲಿಲ್ಲ ನನಗೆ.

ಇಂಜಿನ್ನು ತೋಟದಲ್ಲಿ ಒಂದು ತಾಸೂ ಓಡಲಿಲ್ಲ, ಬೇರಿಂಗು ಸುಟ್ಟು, ತಿರುಗದಂತೆ ಹಿಡಿದುಕೊಂಡಿತು. ಔಷಧ ಹೊಡೆಯುವುದು ನಿಂತು ಚಿಗುರಿಗೆ ರೋಗ ಬಿತ್ತು. ಅಣ್ಣ ಅದೇ ಗೋಣಿಚೀಲ ಹೊತ್ತು ಬಂದ, ಜೊತೆಗೆ ಟ್ರ್ಯಾಕ್ಟರಿನ ಯಜಮಾನ, ಬಿಜ್ಜರಗಿಯವನು. “ಯಾರ ಕೈತಪ್ಪಂತ ಗೊತ್ತಾಗ್ಲಿ. ಅವ್ರ ಖರ್ಚ ಕೊಡ್ಲಿ,” ಎಂದು ನಿಂತ.

“ಅಳದು ತೋರ್ಸು,” ಎಂದ ಮಾಲಕ.

ಸುಟ್ಟ ಜಾಗ ಬಿಟ್ಟು ಉಳಿದವನ್ನು ಒಂದೊಂದಾಗಿ ಅಳೆದೆ. ನನ್ನ ಮೈಕ್ರೋಮೀಟರ್ ಎಲ್ಲವನ್ನೂ ಸರಿ ಎಂದು ತೋರಿಸಿತು. ಮಾಲಕ ಬಗ್ಗಿ ನೋಡಿದ, ಬಿಜ್ಜರಗಿಯವನೂ ನೋಡಿದ. ಅಣ್ಣ ನೋಡಲೇ ಇಲ್ಲ. “ಇವ ಅಳದಾನ ಅಂದ್ರ ಬರೋಬ್ಬರಿನ ಇರತೈತಿ ಬಿಡ್ರಿ. ಬಿಗಿ ಅನಿಸಿದಾಗ ನಾ ಬಿಚ್ಚಿ ನೋಡಬೇಕಿತ್ತು,” ಎಂದ. ಫೋನಿನಲ್ಲಿ ನಾನು ಹೇಳಿದ್ದನ್ನು ಅವನು ಎತ್ತಲಿಲ್ಲ. ಅವರು ಹೋದ ಮೇಲೆ ಕೀಲಿ ತೆಗೆದು ಮೈಕ್ರೋಮೀಟರನ್ನು ಸರಿ ಮಾಡಿದೆ. ಪಾಡ್ಯಕ್ಕೆ ಇಪ್ಪತ್ತೆರಡು ಬಂತು, ಹೆಂಡತಿಗೆ ಸೀರೆಯೂ ಬಂತು.

ಇಂಜಿನ್ನಿನ ಖರ್ಚನ್ನೆಲ್ಲ ಅಣ್ಣ ತನ್ನ ಕೈಯಿಂದ ಕೊಟ್ಟ. ಅವನ ಕೈ ಹೋಗೈತಿ ಎಂಬ ಮಾತು ತೋಟದಿಂದ ತೋಟಕ್ಕೆ ದಾಟಿತು. ಟ್ರ್ಯಾಕ್ಟರುಗಳು ಬಬಲೇಶ್ವರದ ಗ್ಯಾರೇಜಿನ ದಾರಿ ಹಿಡಿದವು. ಒಂದೂವರೆ ವರ್ಷಕ್ಕೆ ಅವನ ಶಟರ್ ಇಳಿಯಿತು.

ಹೋದ ವರ್ಷ ಅವನು ನಮ್ಮ ಅಂಗಡಿಗೆ ಕೆಲಸ ಕೇಳಿಕೊಂಡು ಬಂದ. ಇಂಜಿನ್ ಭಾಗಗಳನ್ನು ತೊಳೆಯುವುದು, ಬಿಚ್ಚಿ ಜೋಡಿಸುವುದು, ಏನಾದರೂ ಸರಿ ಎಂದ. ಮಾಲಕ ನನ್ನನ್ನು ಕರೆದು ಅವನೆದುರಿಗೇ ಕೇಳಿದ: “ಇಂಜಿನ್ ಸುಟ್ಟ ಕೈ ಇದು. ಎಷ್ಟ ಕೊಡೂಣು, ನೀನ ಹೇಳು.”

ಅವನ ಕೈಗೆ ಹದಿನೈದು ಸಾವಿರ ಕೊಟ್ಟರೂ ಕಡಿಮೆ ಎಂದು ಆ ಅಂಗಡಿಯಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅಷ್ಟು ಹೇಳಿದರೆ, ಇವನ ಮೇಲೆ ನಿನಗೇಕೆ ಇಷ್ಟು ಕರುಣೆ ಎಂದು ಮಾಲಕ ಕೇಳಿಯಾನು ಎಂಬ ಹೆದರಿಕೆ ಹತ್ತಿತು.

“ಹತ್ತು ಸಾಕ್ರಿ, ಸಾವಕಾರ್ರ,” ಎಂದೆ.

ಮಾಲಕ ಅವನ ಕಡೆ ತಿರುಗಿದ. “ಹತ್ತಂತ. ಒಪ್ಪಿಗಿ ಐತೇನು?”

ಅಣ್ಣ ನನ್ನ ಮುಖ ನೋಡಿ ಸಣ್ಣಗೆ ನಕ್ಕ. “ಇವ ಹೇಳ್ಯಾನ ಅಂದ್ರ ಬರೋಬ್ಬರಿನ ಇರತೈತಿ ಬಿಡ್ರಿ,” ಎಂದ.

ಮರುದಿನ ಬೆಳಿಗ್ಗೆ ಎಂಟಕ್ಕೆ ತಿಕೋಟಾ ಬಸ್ಸಿಳಿದು ಬುತ್ತಿ ಡಬ್ಬಿ ಹಿಡಿದು ಬಂದ. ನನ್ನ ಮಷಿನ್ನಿನ ಪಕ್ಕದಲ್ಲಿ, ಭಾಗ ತೊಳೆಯುವ ಡೀಸೆಲ್ ತೊಟ್ಟಿಯ ಹತ್ತಿರ ಅವನಿಗೆ ಜಾಗ ತೋರಿಸಿದೆ.