ಉಡಿ ತುಂಬಿದ ಬಂದೂಕು

“ಬಂದೂಕು ಪೂಜಿ ಮಣಿ ಮ್ಯಾಲ ಮಲಗಿತ್ತು. ಯಾರೂ ಮುಟ್ಟಿದ್ದಿಲ್ಲ. ಸೊಸಿ ಹೊರಗಾಗಿದ್ದನ್ನ ಮುಚ್ಚಿಟ್ಟು ಆರತಿ ತಂದ್ಲು. ಆಕಿ ಹೊಸ್ತಿಲಾ ದಾಟೂದಕ್ಕೂ ಅದು ತಾನಾ ಹಾರೂದಕ್ಕೂ ಸರಿ ಆತು. ಆದ್ರೂ ದೊಡ್ಡಾಕಿ ಯಾರಿಗೂ ತಾಗಗೊಡಲಿಲ್ಲ.”

ನಮ್ಮ ಮನೆಯ ಬಂದೂಕಿನ ಬಗ್ಗೆ ಉಗಾರ ಬುದ್ರುಕದಿಂದ ಕುಡಚಿಯವರೆಗೆ ಯಾರನ್ನು ಕೇಳಿದರೂ ಈ ಮಾತೇ ಸಿಗುತ್ತದೆ. ಕೆಲವರು ಮರಾಠಿಯಲ್ಲಿ ಹೇಳುತ್ತಾರೆ, ಕೆಲವರು ಕನ್ನಡದಲ್ಲಿ. ಭಾಷೆ ಬದಲಾದರೂ ಒಂದು ಶಬ್ದವೂ ಹೆಚ್ಚುಕಡಿಮೆಯಾಗುವುದಿಲ್ಲ. ನನಗೆ ಮೊದಲು ಸಂಶಯ ಹುಟ್ಟಿದ್ದು ಅಲ್ಲಿಯೇ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಿರಾಣಿ ಸಾಮಾನು ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದುತ್ತ ಉಳಿದದ್ದನ್ನು ಕಲಿತೆ. ಹಾಗೆ ಕಲಿತವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಎಲ್ಲರೂ ಒಂದೇ ರೀತಿ ಹೇಳುವ ಮಾತನ್ನು ಮೊಟ್ಟಮೊದಲು ಯಾರು ಹೇಳಿದರು ಎಂದು ಅವನು ಕೇಳುತ್ತಾನೆ.

ಕೃಷ್ಣೆಯ ದಂಡೆಯ ಕಬ್ಬಿಗೆ ಕಾಡುಹಂದಿಗಳು ನುಗ್ಗುತ್ತಿದ್ದ ಕಾಲದಲ್ಲಿ ಅಜ್ಜ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದು ತಂದ ಒಂಟಿ ನಳಿಗೆಯ ಬಂದೂಕು ಅದು. ತೋಟಾ, ಎಂದರೆ ಚರೆ ತುಂಬಿದ ಕಾಡತೂಸು, ಹಾಕಲು ನಡುವೆ ಮಡಚಿ ಬಾಯ್ದೆರೆಯುತ್ತದೆ; ಅದಕ್ಕೆ ನಾವು ‘ಮುರಿಯುವುದು’ ಎನ್ನುತ್ತೇವೆ. ಹಿಂದೆ ಕಬ್ಬಿಣದ ಕುದುರೆಯಿದೆ, ಅದು ಎದ್ದು ಬಿದ್ದಾಗ ತೋಟಾ ಸಿಡಿಯುತ್ತದೆ. ಅಜ್ಜನ ನಂತರ ಲೈಸೆನ್ಸ್ ನನ್ನ ಅಣ್ಣನ ಹೆಸರಿಗೆ ಬಂತು. ನಡುಮನೆಯಲ್ಲಿ ಹಾಸಿಗೆಯ ಒಟ್ಟಿಲ ಪಕ್ಕ, ಉದ್ದನೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಂದೂಕು ಇರುತ್ತಿತ್ತು. ಅವ್ವ ಅದನ್ನು ‘ದೊಡ್ಡಾಕಿ’ ಎನ್ನುತ್ತಿದ್ದಳು. ಹಾಡುಹಗಲಿನಲ್ಲಿ ಯಾರಾದರೂ ಜೋರಾಗಿ ಹೆಜ್ಜೆಯಿಟ್ಟರೆ, “ಹಗೂರ ನಡೀರಿ, ದೊಡ್ಡಾಕಿ ಮಲಗ್ಯಾಳ,” ಎನ್ನುವಳು. ಮನೆಗೆ ಬಂದ ಬೀಗರು ಒಳಗೆ ಯಾರೋ ಮುದುಕಿ ಇದ್ದಾಳೆಂದು ತಿಳಿದು ದನಿ ತಗ್ಗಿಸುತ್ತಿದ್ದರು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಇಡಬೇಕಾಗುತ್ತಿತ್ತು. ಆ ದಿನಗಳಲ್ಲಿ ಅದೇ ಕೋಣೆಯಲ್ಲಿ ಹೆಂಗಸರು ನಗುತ್ತಿದ್ದದ್ದು ಹೊಲದ ದಾರಿಗೂ ಕೇಳುತ್ತಿತ್ತು. ಪೆಟ್ಟಿಗೆ ಖಾಲಿಯಿದ್ದಾಗ ಮನೆ ಹಗುರವಾಗುವುದನ್ನು ನಾನು ಗಮನಿಸಿದ್ದೆ, ಯಾರಿಗೂ ಹೇಳಿರಲಿಲ್ಲ.

ಬೇರೆ ಮನೆಗಳಲ್ಲಿ ಖಂಡೇನವಮಿಯ ದಿನ ನೇಗಿಲು, ಕುಡಗೋಲು, ಟ್ರ್ಯಾಕ್ಟರ್ ಪೂಜೆಯಾಗುತ್ತದೆ. ನಮ್ಮಲ್ಲಿ ಬಂದೂಕನ್ನು ಮಣೆಯ ಮೇಲೆ ಮಲಗಿಸಿ ಹಸಿರು ಖಣ ಹೊದಿಸಿ, ತವರಿಗೆ ಬಂದ ಮಗಳಿಗೆ ತುಂಬಿದಂತೆ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಬೇರು. ಎಲ್ಲದರ ಕೊನೆಗೆ ಅಣ್ಣ ನಳಿಗೆಯನ್ನು ಮುರಿದು ಒಂದು ತೋಟಾ ಇಟ್ಟು ಮುಚ್ಚುವನು. ಬರಿ ಹೊಟ್ಟೆಯವಳ ಪೂಜೆ ಮಾಡಬಾರದೆಂದು ಅವ್ವನ ಕಟ್ಟಳೆ. ಬನ್ನಿ ಮುಡಿದು ಬಂದ ಮೇಲೆ ಆ ತೋಟಾ ಹೊರಗೆ ಬರುತ್ತಿತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದ ಜನ ನಾವು. ಬಂದೂಕಿಗೂ ಅದೇ ಮರ್ಯಾದೆ ಸಂದಿತ್ತು. ಅದು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ.

ಪಕ್ಕದ ಹೊಲದ ಜೈನ ಗೆಳೆಯನೊಬ್ಬನಿಗೆ ಮಾತ್ರ ಹೊಳೆದಿತ್ತು. ಅವನು ಆ ದಿನ ನಮ್ಮ ಕಟ್ಟೆಯವರೆಗೆ ಬಂದು ಬೆಲ್ಲ ತಿಂದು ಹೋಗುವನು, ಹೊಸ್ತಿಲು ದಾಟುವವನಲ್ಲ.

“ನಿಮ್ಮ ದೊಡ್ಡಾಕಿ ಬಾಯಾಗ ಬೆಂಕಿ ಇಟ್ಟು ಆರತಿ ಬೆಳಗತೀರಿ,” ಎಂದು ಒಮ್ಮೆ ನನ್ನನ್ನು ಚುಚ್ಚಿದ್ದ. “ನನ್ನ ಕಬ್ಬಿಗೂ ಹಂದಿ ಬರ್ತಾವ. ಡಬ್ಬಿ ಬಡದು ಓಡಸ್ತೀನಿ.”

“ಅದಕ ನಿನ್ನ ಹೊಲದಾಗ ಹಂದಿ ಸಂಸಾರ ಹೂಡ್ಯಾವ,” ಎಂದೆ.

“ಹೂಡ್ಲಿ ಬಿಡೋ. ನನ್ನ ಮನ್ಯಾಗ ಮಂದಿ ಜೋರಾಗಿ ಮಾತಾಡ್ತಾರ.”

ಬಂದೂಕು ಹಾರಿದ ವರ್ಷ ಅಣ್ಣನ ಮಗ ಇನ್ನೂ ಕೂಸು. ನಾನು ಅಂಗಳದಲ್ಲಿ ಎಡೆಕುಂಟೆಗೆ ಸುಣ್ಣ ಬಳಿಯುತ್ತಿದ್ದೆ. ಶಬ್ದ ಒಳಗಿನಿಂದ ಬಂತೆಂದು ಅನಿಸಲಿಲ್ಲ, ನೆಲದಿಂದ ಬಂದಂತಿತ್ತು. ಗೋದಲಿಯ ಎತ್ತುಗಳು ಮೇಯುವುದನ್ನು ನಿಲ್ಲಿಸಿದವು. ಓಡಿಹೋಗಿ ನೋಡಿದರೆ ನಡುಮನೆಯಲ್ಲಿ ಎಲ್ಲವೂ ಇದ್ದ ಹಾಗೆಯೇ ಇತ್ತು, ಭಯ ಹುಟ್ಟಿಸಿದ್ದು ಅದೇ. ಬಂದೂಕು ಮಣೆಯ ಮೇಲೆ ಮಲಗಿತ್ತು. ಖಣ ಮಾತ್ರ ನೆಲಕ್ಕೆ ಜಾರಿತ್ತು. ದೀಪ ಆರಿರಲಿಲ್ಲ. ಬೆಳಕಿಂಡಿಯ ಬಿಸಿಲಿನಲ್ಲಿ ಹೊಗೆ ಯಾವ ಅವಸರವೂ ಇಲ್ಲದೆ ತಿರುಗುತ್ತಿತ್ತು; ಚೆಂಡುಹೂವಿನ ವಾಸನೆಯೊಳಗೆ ಮದ್ದಿನ ವಾಸನೆ ಬೆರೆತಿತ್ತು. ಅಡುಗೆಮನೆಯ ಬಾಗಿಲಲ್ಲಿ ವೈನಿ, ಅಣ್ಣನ ಹೆಂಡತಿ, ಆರತಿಯ ತಟ್ಟೆಯನ್ನು ಒಂದಿಷ್ಟೂ ವಾಲಿಸದೆ ನಿಂತಿದ್ದಳು. ಅವಳ ಕಿವಿಯ ಪಕ್ಕದಲ್ಲಿ ಚೌಕಟ್ಟಿನ ತೇಗು ಸೀಳಿತ್ತು.

ಅಣ್ಣನೇ ಮೊದಲು ಬಾಯಿ ತೆರೆದದ್ದು. “ತಾನಾ ಹಾರ್ತು,” ಎಂದ.

“ದೊಡ್ಡಾಕಿ ಸಿಟ್ಟಾಗ್ಯಾಳ,” ಎಂದಳು ಅವ್ವ. ಎಲ್ಲರ ಕಣ್ಣೂ ಬಾಗಿಲಿನ ಕಡೆಗೆ ತಿರುಗಿತು. ಉಳಿದ ಕತೆಯನ್ನು ಆ ಕಣ್ಣುಗಳೇ ಕಟ್ಟಿದವು.

ಮರುದಿನ ಅಣ್ಣ ತಾನೇ ಮೊಳೆ ಹೊಡೆದು ಸೀಳಿದ ಜಾಗದ ಮೇಲೆ ದೇವರ ಪಟ ತೂಗುಹಾಕಿದ. ವೈನಿ ಅಂದಿನಿಂದ ಖಂಡೇನವಮಿಯ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆರತಿಗೆ ಓಣಿಯ ಮುತ್ತೈದೆಯರು ಬರುತ್ತಿದ್ದರು. ಪಾಲಬಾವಿಯ ಅವಳ ತವರಿಗೂ ಕತೆ ತಲುಪಿತ್ತು; ತಂಗಿಯ ಮದುವೆಯಲ್ಲಿ ಅವಳ ಕೈಗೆ ಆರತಿ ಕೊಡಲಿಲ್ಲ. ‘ಯಾರಿಗೂ ತಾಗಲಿಲ್ಲ’ ಎಂದು ಊರು ಹೇಳುತ್ತದೆ. ವೈನಿಗೆ ಆ ಬದಿಯ ಕಿವಿ ಅಂದಿನಿಂದ ಕೇಳುವುದಿಲ್ಲ. ದಸರೆ ಸಮೀಪಿಸಿದಾಗ ಮಾತ್ರ ಆ ಸತ್ತ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಏಳುತ್ತದೆಂದು ಅವಳೇ ಹೇಳಿದ್ದಾಳೆ.

ಅವ್ವ ಹೋದಳು, ಕೆಲವು ವರ್ಷಗಳ ನಂತರ ಅಣ್ಣನೂ ಹೋದ. ಬಂದೂಕು ಠಾಣೆಗೆ ಸೇರಿತು. ಅಣ್ಣನ ಮಗ ಲೈಸೆನ್ಸಿಗಾಗಿ ಚಿಕ್ಕೋಡಿಗೂ ಬೆಳಗಾವಿಗೂ ಬಹಳ ತಿರುಗಿದ. ಕಳೆದ ದಸರೆಗೆ ಸ್ವಲ್ಪ ಮೊದಲು ಅದನ್ನು ಮನೆಗೆ ತಂದ. ಜೀಪಿನಿಂದ ಇಳಿಸುವಾಗ ನಾಯಿ ಎದ್ದು ಹೊಲದ ಕಡೆ ಹೋಯಿತು. ಅದೇ ಪೆಟ್ಟಿಗೆ, ಅದೇ ಮೂಲೆ. ಆ ಮಧ್ಯಾಹ್ನ ನಾವೆಲ್ಲರೂ ಪಿಸುಮಾತಿನಲ್ಲಿ ಊಟ ಮಾಡುತ್ತಿದ್ದೇವೆಂದು ನನಗೆ ತಿಳಿದದ್ದು ಮಜ್ಜಿಗೆ ಬಡಿಸುವ ಹೊತ್ತಿಗೆ.

“ಅಜ್ಜಿ ಮಾಡಿದಂಗ ಉಡಿ ತುಂಬೂನು,” ಎಂದ ಅಣ್ಣನ ಮಗ. “ಈ ಸಲ ಆರತಿ ನನ್ನ ಹೇಣ್ತಿ ತರ್ತಾಳ.”

ಅವನ ಹೆಂಡತಿ ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯ ಹುಡುಗಿ. ಅವಳಿಗೆ ಆಗ ಐದು ತಿಂಗಳು. “ನಮ್ಮ ತವರ್ಯಾಗೂ ಬಂದೂಕು ಐತಿ,” ಎಂದು ತಟ್ಟೆ ನೋಡುತ್ತಲೇ ಹೇಳಿದಳು. “ತಿಜೂರ್ಯಾಗ ಇರ್ತೈತಿ. ತೋಟಾ ಬ್ಯಾರೆ ಕಡೆ, ಕೀಲಿ ಅಪ್ಪನ ಕೊಳ್ಳಾಗ. ಪೂಜಿಗೆ ಮುರದು ಇಡ್ತಾರ. ತುಂಬಿದ್ದಕ್ಕ ನಾ ಆರತಿ ಎತ್ತಂಗಿಲ್ರಿ.”

“ಪದ್ಧತಿ ಅಂದ್ರ ಪದ್ಧತಿ,” ಎಂದ ಅವನು. “ಕುದುರಿ ಎತ್ತದ ಅದು ಹ್ಯಾಂಗ ಹಾರ್ತೈತಿ?”

“ಹಂಗಾರ ಅವತ್ತ ಹ್ಯಾಂಗ ಹಾರ್ತು?” ಎಂದೆ ನಾನು.

“ಅದು ಬ್ಯಾರೆ ಕಾಕಾ. ಅದು…” ಎಂದು ಅವನು ತಾಯಿಯ ಕಡೆ ನೋಡಿದ. ವೈನಿ ಕೇಳದ ಕಿವಿಯನ್ನು ನಮ್ಮ ಕಡೆಗಿಟ್ಟು ರೊಟ್ಟಿ ಮುರಿಯುತ್ತಿದ್ದಳು.

ನಾನೆದ್ದು ಕೈ ತೊಳೆದು ಪಟವನ್ನು ಇಳಿಸಿದೆ. ಇಷ್ಟು ವರ್ಷ ಅದನ್ನು ಯಾರೂ ಕದಲಿಸಿರಲಿಲ್ಲ. ಹಿಂದೆ ಮುಷ್ಟಿಯಗಲದ ಸೀಳು, ಅದರ ಸುತ್ತ ಚರೆ ಹೊಕ್ಕ ಸಣ್ಣ ಸಣ್ಣ ತೂತುಗಳು. ತೇಗು ಅವನ್ನು ಹಾಗೆಯೇ ಹಿಡಿದಿಟ್ಟಿತ್ತು. ಕಸಬರಿಗೆಯ ಕಡ್ಡಿಗಳನ್ನು ಮುರಿದು ಒಂದೊಂದು ತೂತಿಗೆ ಒಂದೊಂದನ್ನು, ತಾನಾಗಿ ಹೋದಷ್ಟು ಆಳಕ್ಕೆ, ಇಳಿಸಿದೆ.

“ಕಾಕಾ, ಪೇಪರ್ ಓದಿ ಓದಿ ನೀವು ದೇವರಿಗೂ ಸಾಕ್ಷಿ ಕೇಳಾಕತ್ತೀರಿ,” ಎಂದ ಮಗ. ನಗಲು ಹೊರಟವನು ನಗಲಿಲ್ಲ.

ಮಣೆಯ ಮೇಲೆ ಮಲಗಿದ್ದ ಬಂದೂಕು ಹಾರಿದ್ದರೆ ಚರೆ ಕೆಳಗಿನಿಂದ ಏರಿ ಬರಬೇಕು. ಕಡ್ಡಿಗಳ ತುದಿ ನೆಲದತ್ತ ಬಾಗಿರಬೇಕು. ಬಾಗಿರಲಿಲ್ಲ. ಅವು ಮಟ್ಟಸವಾಗಿ ಕೋಣೆಯೊಳಕ್ಕೆ ಚಾಚಿ, ಮಣೆಯ ಮುಂದಿನ ಖಾಲಿ ಜಾಗವನ್ನು, ಎದ್ದು ನಿಂತ ಗಂಡಸಿನ ಎದೆಯೆತ್ತರವನ್ನು, ತೋರಿಸುತ್ತಿದ್ದವು. ಅಲ್ಲಿ ಯಾರೂ ಇರಲಿಲ್ಲ. ನಾವು ನಾಲ್ವರೂ ಆ ಜಾಗವನ್ನು ನೋಡುತ್ತ ನಿಂತೆವು. ಅಣ್ಣನ ಮಗ ಒಂದು ಹೆಜ್ಜೆ ಹಿಂದೆ ಸರಿದ, ಯಾರಿಗೋ ದಾರಿ ಬಿಡುವವನಂತೆ.

“ಅವರ ಕೈಯಾಗಿತ್ತು,” ಎಂದಳು ವೈನಿ, ಹಿಂದಿನಿಂದ. “ನಮ್ಮ ಅತ್ತಿಯವರಿಗೆ ಬಗ್ಗಾಕ ಆಗ್ತಿದ್ದಿಲ್ಲ. ಕುಂಕಮ ಹಚ್ಚಲಿ ಅಂತ ಅವರು ಎತ್ತಿ ಹಿಡಿದಿದ್ರು. ಹೂವಿನ ದಾರ ಕುದುರಿಗೆ ಸುತ್ತಿತ್ತು. ಜಗ್ಗಿದ್ರು. ಕುದುರಿ ಎದ್ದು ಬಿತ್ತು. ಆಮ್ಯಾಲ ಮಣಿ ಮ್ಯಾಲ ಇಟ್ರು, ಕೂಸಿನ ಮಲಗಿಸಿದಂಗ.”

“ನೀ ಯಾಕ ಹೇಳಲಿಲ್ಲಬೇ ಅವ್ವಾ?” ಎಂದ ಮಗ.

“ಲೈಸೆನ್ಸ್ ಹೋಗ್ತೈತಿ ಅಂತ ಅವರು ಅಂಜಿದ್ರು. ನಾ ಹೊರಗಾಗಿದ್ದೆನೋ ಇಲ್ಲೋ ಅಂತ ಸೈತ ಯಾರೂ ನನ್ನ ಕೇಳಲಿಲ್ಲ. ಎಲ್ಲಾರಿಗೂ ಗೊತ್ತಿತ್ತಲ್ಲ.” ಕಡ್ಡಿಗಳನ್ನು ನೋಡುತ್ತ, “ನಾ ಆಗಿದ್ದಿಲ್ಲ,” ಎಂದಳು.

ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲ ಕಡ್ಡಿಗಳೂ ಹಾಗೆ ಮಟ್ಟಸವಾಗಿರಲಿಲ್ಲ. ಅಂಚಿನ ಒಂದು ಕಡ್ಡಿ ಕೆಳಕ್ಕೆ ಬಾಗಿ ನೇರವಾಗಿ ಮಣೆಯತ್ತಲೇ ತೋರಿಸುತ್ತಿತ್ತು. ಚರೆಗಳು ಮರದ ಗಂಟಿಗೆ ತಾಗಿ ಹೊರಳುವುದುಂಟು. ಅದರ ಕಾರಣ ಅಷ್ಟೇ ಎಂದು ನಾನು ನಂಬಿದ್ದೇನೆ. ಆದರೂ ಆ ಬಾಗಿಲಿನಲ್ಲಿ ಹಾಯುವಾಗ ನನ್ನ ಕಣ್ಣು ಮೊದಲು ಹೋಗುವುದು ಆ ತೂತಿಗೆ.

ಖಂಡೇನವಮಿಯ ದಿನ ಅಣ್ಣನ ಮಗ ಬಂದೂಕನ್ನು ನಡುವೆ ಮುರಿದು ಮಣೆಯ ಮೇಲಿಟ್ಟ. ನಳಿಗೆಯ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿಯಲ್ಲಿ ಬೆಳಕಿಂಡಿಯ ಬಿಸಿಲು ಕಾಣುತ್ತಿತ್ತು. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆ ಮಾತ್ರ. ತೋಟಾಗಳು ಕಪಾಟಿನಲ್ಲಿ, ಕೀಲಿ ಅವನ ಉಡದಾರದಲ್ಲಿ. ಸೊಸೆ ಆರತಿಯ ತಟ್ಟೆಯನ್ನು ತಂದು ಅತ್ತೆಯ ಕೈಗೆ ಕೊಟ್ಟಳು. ವೈನಿ ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತಳು, ಆಮೇಲೆ ದಾಟಿದಳು. ನಾನು ಶಬ್ದಕ್ಕಾಗಿ ಕಾಯುತ್ತಿದ್ದೆ. ನನ್ನಂತಹ ಸಂಶಯದ ಮನುಷ್ಯನೂ ಕಾಯುತ್ತಿದ್ದ. ಹೊರಗೆ ಕಟ್ಟೆಯ ಮೇಲೆ ಜೈನ ಗೆಳೆಯ ಬೆಲ್ಲ ಕಡಿಯುವುದು ಮಾತ್ರ ಕೇಳಿಸಿತು.

ಊರಿನಲ್ಲಿ ಹಳೆಯ ಕತೆ ಇನ್ನೂ ನಡೆದಿದೆ. ನಡೆಸುವವರೊಂದಿಗೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಪಟವನ್ನು ನಾವು ಮರಳಿ ತೂಗುಹಾಕಿಲ್ಲ. ಚೌಕಟ್ಟಿಗೆ ಬಣ್ಣವನ್ನೂ ಹಚ್ಚಿಲ್ಲ. ಉಗಾರದ ಕಡೆ ಬಂದವರು ಬಂದೂಕು ಹಾರಿದ ಮನೆ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಕಸಬರಿಗೆ ಬಾಗಿಲ ಹಿಂದೆಯೇ ಇರುತ್ತದೆ. ಕಡ್ಡಿಗಳನ್ನು ನೀವೇ ಇಳಿಸಿ ನೋಡಿ, ಆಮೇಲೆ ಒಳಗೆ ಹೋಗಿ ವೈನಿಯನ್ನು ಕೇಳಿ. ಕೇಳುವ ಕಿವಿ ಎಡಗಡೆಯದು.