ಹೋರಿ ಹಬ್ಬದ ದಿನ ಬಾಗಿಲಿಗೆ ಬಂದಾಕೆ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಹಾನಗಲ್ಲಿನಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಇತ್ತು. ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿಗಳು ಓಡುವುದು ನಮ್ಮ ಮನೆ ಎದುರಿನ ರಸ್ತೆಯಲ್ಲೇ. ತಿಳವಳ್ಳಿ, ಹಂಸಭಾವಿಯ ಬೀಗರೆಲ್ಲ ಬಂದು ಮಾಳಿಗೆ ತುಂಬಿತ್ತು. ಹೋಳಿಗೆ ಬೇಯಿಸಿ ಬೇಯಿಸಿ ನನಗಂತೂ ಸಾಕೋ ಸಾಕಾಗಿತ್ತು.

ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ನೋಡಿದರೆ, ಬೆಳಗಿನಿಂದ ರಸ್ತೆಯಲ್ಲಿ ಬಂದೋಬಸ್ತಿಗೆ ನಿಂತಿದ್ದ ಪೊಲೀಸ್ ಹುಡುಗಿ. "ಅಕ್ಕಾರ, ಒಂದೀಟು..." ಎನ್ನುವಷ್ಟರಲ್ಲಿ, "ಗೊತ್ತಾತು, ನಿಂದರ್ರಿ" ಎಂದು ಬಾಗಿಲು ಮುಂದಕ್ಕೆ ಮಾಡಿದೆ.

ಒಳಗೆ ಬಂದು ನಮ್ಮ ಮನೆಯವರಿಗೆ, "ಬಂದ್ರು ನೋಡ್ರಿ ಪುಕ್ಕಟೆ ಊಟಕ್ಕ. ಸರಕಾರದ ಪಗಾರ ಸಾಲೂದಿಲ್ಲೇನು ಇವರಿಗೆ!" ಎಂದು ಹೊರಗೆ ಕೇಳುವಂತೆಯೇ ಅಂದೆ. ನನ್ನ ಬಾಯಿಗೆ ಲಗಾಮಿಲ್ಲ ಎಂದು ಅತ್ತೆ ಸುಮ್ಮನೆ ಹೇಳುತ್ತಿರಲಿಲ್ಲ. ಬೀಗರ ಪಂಕ್ತಿಗೆ ಬಡಿಸಿ ಮುಗಿಸಿ, ಆಮೇಲೆ ನಿಧಾನಕ್ಕೆ ನಾಲ್ಕು ಹೋಳಿಗೆ ಕಟ್ಟಿಕೊಂಡು ಹೋಗಿ, "ತಗೋರಿ" ಎಂದು ಚಾಚಿದೆ.

ಆಕೆ ಮುಟ್ಟಲಿಲ್ಲ. "ಊಟ ಬ್ಯಾಡ್ರಿ ಅಕ್ಕಾರ. ಕೂಸಿಗೆ ಹಾಲು ಕುಡಸಬೇಕಾಗಿತ್ರಿ. ಮರೆ ಇರೋ ಜಾಗಾ ಎಲ್ಲೂ ಸಿಗಲಿಲ್ಲ. ಸಾಹೇಬ್ರು ಅರ್ಧಾ ತಾಸು ಅಷ್ಟ ಬಿಟ್ಟಾರ್ರಿ" ಎಂದಳು. ಆಗ ಕಂಡೆ. ಕಟ್ಟೆಯ ಮೇಲೆ ಆಕೆಯ ತಾಯಿ ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ಕೂಸಿಗಾಗಿಯೇ ಶಿಗ್ಗಾಂವಿಯಿಂದ ಬಸ್ಸಿಗೆ ಬಂದಿದ್ದರಂತೆ. ಹುಡುಗಿಯ ಖಾಕಿ ಅಂಗಿ ಎದೆಯ ಹತ್ತಿರ ಒದ್ದೆಯಾಗಿತ್ತು.

"ಅಯ್ಯ ಶಿವನ! ಒಳಗ ಬರ್ರಿ" ಎಂದು ಕೋಣೆಗೆ ಕರೆದೊಯ್ದೆ. "ಇಷ್ಟು ಎಳೆ ಕೂಸು ಐತಿ, ರಜಾ ಕೊಡಲಿಲ್ಲೇನ್ರಿ?" ಎಂದು ಕೇಳಿದೆ.

"ಹೆರಿಗೆ ರಜಾ ಮುಗೀತ್ರಿ. ಹಬ್ಬ ಹುಣ್ಣಿವಿ ಬಂದ್ರ ನಮಗ ಮತ್ತಷ್ಟು ಡ್ಯೂಟಿ."

ಕೂಸು ಬಾಯಿ ಹಚ್ಚಿತ್ತಷ್ಟೇ, ಹೊರಗೆ ಸಾಹೇಬರ ಸೀಟಿ ಕೇಳಿಸಿತು. ಆ ಅರ್ಧ ತಾಸನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಕಳೆದುಬಿಟ್ಟಿದ್ದೆ. ಆಕೆ ಕೂಸನ್ನು ಬಿಡಿಸಿ ತಾಯಿಯ ಕೈಗೆ ಕೊಟ್ಟು, ಗುಂಡಿ ಹಾಕಿಕೊಳ್ಳುತ್ತ, "ನಿಮಗ ತ್ರಾಸ ಆತ್ರಿ" ಎಂದು ನನಗೇ ಹೇಳಿ ಓಡಿದಳು. ತಾಯಿ ನನ್ನ ಮುಖ ನೋಡಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟತೊಡಗಿದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೂಸು ಕಿರುಚುತ್ತಲೇ ಇತ್ತು. ಕಿಟಕಿಯಿಂದ ನೋಡಿದೆ. ಆಕೆ ನಮ್ಮ ಮನೆ ಎದುರೇ ಮಂದಿಯನ್ನು ಹಿಂದೆ ಸರಿಸುತ್ತ ನಿಂತಿದ್ದಳು. ಅಳು ಆಕೆಗೂ ಕೇಳಿಸುತ್ತಿತ್ತು, ಒಮ್ಮೆಯೂ ತಿರುಗಲಿಲ್ಲ. ಹೊರಗೆ ಹೋಗಿ "ತಪ್ಪಾತವ್ವ" ಎನ್ನಲು ಮೂರು ಮಕ್ಕಳನ್ನು ಹೆತ್ತ ನನಗೆ ಮುಖವೇ ಇರಲಿಲ್ಲ.