ಕ್ಯಾಪ್ಟನ್ ಹೆಸರು ಅಳಿಸಿದವನು

ಕ್ರೀಡಾಂಗಣದ ಪೂರ್ವದ ಹೊರಗೋಡೆಯ ಮೇಲೆ ಫುಟ್‌ಬಾಲ್ ತಂಡದ ಇಪ್ಪತ್ತಮೂರು ಆಟಗಾರರ ಹೆಸರು ಬರೆಯುವವನನ್ನು ಊರೆಲ್ಲ ಪೇಂಟ್ರಣ್ಣ ಎಂದು ಕರೆಯುತ್ತಿತ್ತು. ಅವನಿಗೆ ಬೇರೊಂದು ಹೆಸರಿದೆ ಎನ್ನುವುದು ಹೆಂಡತಿಗೂ ಬ್ಯಾಂಕಿನವರಿಗೂ ಮಾತ್ರ ಗೊತ್ತಿತ್ತು. ಅಂಗಡಿ ಬೋರ್ಡು, ಶಾಲೆಯ ಬಸ್ಸು, ನೀರಿನ ಟ್ಯಾಂಕು, ಸಿಕ್ಕಿದ್ದೆಲ್ಲ ಬರೆದು ಹೊಟ್ಟೆ ಹೊರೆಯುತ್ತಿದ್ದ. ಆದರೂ ಏನು ಕೆಲಸ ಎಂದು ಯಾರಾದರೂ ಕೇಳಿದರೆ 'ತಂಡದ ಗೋಡೆ ಬರೀತೀನಿ' ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಅದೇ ಗೋಡೆ, ಅದೇ ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ಕೆಂಪು ಅಂಕಿ.

ಪಂದ್ಯಗಳೆಲ್ಲ ಮುಗಿದು ಮೈದಾನಕ್ಕೆ ಬೀಗ ಬಿದ್ದ ಮೇಲೆ ಅವನ ಕೆಲಸ ಶುರು. ಯಾರ ಕರಾರು ಮುಗಿಯಿತು, ಯಾರು ತಂಡ ಬಿಟ್ಟರು ಎಂದು ಆಫೀಸಿನಿಂದ ಚೀಟಿ ಬರುತ್ತಿತ್ತು. ಚೀಟಿಯಲ್ಲಿದ್ದ ಹೆಸರನ್ನು ಅವನು ಬ್ಲೇಡಿನಿಂದ ಕೆರೆದು, ಪುಟ್ಟಿ ತುಂಬಿ, ಬಿಳಿ ಪ್ರೈಮರ್ ಹಚ್ಚುತ್ತಿದ್ದ. ಅದು ಎರಡು ದಿನ ಒಣಗಬೇಕು. ಆಮೇಲೆ ಹಳದಿ, ಆಮೇಲೆ ಹೊಸಬನ ಹೆಸರು. ಪತ್ರಿಕೆಯವರಿಗೆ ಸುದ್ದಿ ಸಿಗುವುದಕ್ಕೆ ಮೊದಲೇ ಗೋಡೆಗೆ ಸಿಗುತ್ತಿದ್ದರಿಂದ ಅಭಿಮಾನಿಗಳು ಆ ಬಿಳಿ ಪಟ್ಟಿಯನ್ನು ಓದುವುದು ಕಲಿತಿದ್ದರು. ಗೋಡೆ ಬೆಳ್ಳಗಾಯಿತು ಎಂದರೆ ಆ ಆಟಗಾರ ಹೋದ ಎಂದೇ ಲೆಕ್ಕ. ಇದು ಪೇಂಟ್ರಣ್ಣನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಹೀಗಾಗಿ ಮೈದಾನಕ್ಕೆ ಬೀಗವಿದ್ದ ಆ ಎರಡು ತಿಂಗಳು ಗೋಡೆಯ ಮುಂದೆ ದಿನವೂ ಸಂಜೆ ಸಭೆ. ಅಧ್ಯಕ್ಷತೆ ಬಸ್ ಕಂಡಕ್ಟರನದು. ಅವನಿಗೆ ಆ ಪಟ್ಟ ಕಟ್ಟಿದವರು ಯಾರೂ ಇಲ್ಲ, ಗಂಟಲು ದೊಡ್ಡದು ಅಷ್ಟೇ. ಎದುರು ಪಕ್ಷದಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು. ಇಬ್ಬರ ನಡುವೆ ಔಷಧಿ ಅಂಗಡಿಯಮ್ಮ, ಅಂಗಡಿ ಬಾಗಿಲು ಎಳೆದು ಬಂದು ನಿಲ್ಲುವವಳು.

"ಕೀಪರ್‌ನ ಕರಾರು ಮುಗೀತು. ಎಲ್ಲಿಗೆ ಬೇಕಾದ್ರೂ ಹೋಗಬಹುದು ಅವನು. ಹೋಗ್ಲಿ ಬಿಡಿ, ಪೀಡೆ ತೊಲಗಿತು," ಎಂದ ಕಂಡಕ್ಟರು.

"ಹದಿನಾರು ಪಂದ್ಯದಲ್ಲಿ ಒಂಬತ್ತರಲ್ಲಿ ಗೋಲೇ ಬಿಟ್ಟುಕೊಟ್ಟಿಲ್ಲ. ಯಾವ ಬಾಯಲ್ಲಿ ಪೀಡೆ ಅಂತೀಯ?" ಎಂದರು ಮೇಷ್ಟ್ರು.

"ಉಳಿದ ಏಳರಲ್ಲಿ ಎಷ್ಟು ಬಿಟ್ಟ, ಅದನ್ನೂ ಹೇಳಿ ಮೇಷ್ಟ್ರೆ."

"ಕೀಪರ್ ವಿಷಯ ಸಾಯ್ಲಿ," ಎಂದಳು ಔಷಧಿ ಅಂಗಡಿಯಮ್ಮ. "ಕ್ಯಾಪ್ಟನ್ ಸಹಿ ಹಾಕಿದ್ರಾ ಇಲ್ವಾ, ಅದು ಹೇಳಿ. ಅವರ ಕರಾರೂ ಈ ವರ್ಷಕ್ಕೇ ಮುಗಿಯೋದು ತಾನೆ?"

ಅಲ್ಲಿಗೆ ಎಲ್ಲರೂ ಏಣಿಯ ಮೇಲಿದ್ದ ಪೇಂಟ್ರಣ್ಣನ ಮುಖ ನೋಡುವರು. ಅವನು ಬಾಯಿಗೆ ಬೀಗ ಹಾಕಿಕೊಂಡವನಂತೆ ಬ್ರಷ್ ಆಡಿಸುವನು. ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಅವರು ತಿಳಿಯಲಿ ಎಂಬುದು ಅವನ ಆಸೆ. ನಿಜಕ್ಕೂ ಅವನಿಗೆ ಎಳ್ಳಷ್ಟೂ ಗೊತ್ತಿರುತ್ತಿರಲಿಲ್ಲ.

ಕ್ಯಾಪ್ಟನ್ ಹನ್ನೊಂದು ವರ್ಷದಿಂದ ಈ ತಂಡದ ರಕ್ಷಣಾ ಸಾಲಿನಲ್ಲಿ ಆಡುತ್ತಿದ್ದ ಮನುಷ್ಯ. ವಯಸ್ಸು ಮೂವತ್ತಮೂರು, ಎಡ ಮೊಣಕಾಲು ಆಗಾಗ ಕೈಕೊಡುತ್ತಿತ್ತು. ಪೇಂಟ್ರಣ್ಣನಿಗೆ ಅವನೆಂದರೆ ಪ್ರಾಣ. ಗೋಡೆಯ ಮೇಲೆ ಅವನ ಹೆಸರನ್ನು ಉಳಿದವರದಕ್ಕಿಂತ ಅರ್ಧ ಬೆರಳು ದೊಡ್ಡದಾಗಿ ಬರೆಯುತ್ತಿದ್ದ. ಇಪ್ಪತ್ತಮೂರು ಸಾಲಿನಲ್ಲಿ ಆ ಅರ್ಧ ಬೆರಳನ್ನು ಕಂಡುಹಿಡಿದವಳು ಅವನ ಹೆಂಡತಿ ಒಬ್ಬಳೇ.

ಆ ವರ್ಷ ಗೋಡೆಯ ಹಿಂದಿನ ನಲ್ಲಿ ಪೈಪು ಸೋರಿ, ಸರಿಯಾಗಿ ಕ್ಯಾಪ್ಟನ್ ಹೆಸರಿನ ಸಾಲೇ ಉಬ್ಬಿ ನಿಂತಿತು. ಮುಟ್ಟಿದರೆ ಬಣ್ಣ ಹಕ್ಕಳೆಯಾಗಿ ಉದುರುತ್ತಿತ್ತು. ಎಲ್ಲರಿಗಿಂತ ಮೊದಲು ಅವನ ಹೆಸರೇ ಹೊಸದಾಗಲಿ ಎಂದುಕೊಂಡು ಪೇಂಟ್ರಣ್ಣ ಒಂಬತ್ತನೇ ತಾರೀಖು ಬೆಳಗ್ಗೆ ಅದನ್ನು ಕೆರೆದ, ಬಿಳಿ ಹಚ್ಚಿದ. ಒಣಗುವಷ್ಟರಲ್ಲಿ ಬಂದುಬಿಡುತ್ತೇನೆಂದು ಪಕ್ಕದ ಊರಿನ ಶಾಲೆಗೆ ಬೋರ್ಡು ಬರೆಯಲು ಹೋದ. ಆಫೀಸಿನ ಚೀಟಿ ಇಲ್ಲದೆ ಅವನು ಗೋಡೆಗೆ ಬಿಳಿ ಹಚ್ಚಿದ್ದು ಅದೇ ಮೊದಲು. ಜನ ಅದನ್ನು ಹೇಗೆ ಓದುತ್ತಾರೆ ಎಂಬುದು, ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಅವನಿಗೇ, ಹೊಳೆಯಲಿಲ್ಲ.

ಹನ್ನೊಂದನೇ ತಾರೀಖು ಅವನು ವಾಪಸ್ಸು ಬರುವಷ್ಟರಲ್ಲಿ ಊರು ಹೊತ್ತಿ ಉರಿಯುತ್ತಿತ್ತು. ಕ್ಯಾಪ್ಟನ್ ಪತ್ರಿಕೆಯವರನ್ನು ಕರೆದು ಮಾತಾಡಿಯಾಗಿತ್ತು: 'ಹನ್ನೊಂದು ವರ್ಷ ಆಡಿದವನಿಗೆ ಒಂದು ಮಾತೂ ಹೇಳದೆ ಗೋಡೆಯಿಂದ ಹೆಸರು ಅಳಿಸಿದರು. ನಾನು ಇನ್ನೇನು ಮಾಡಲಿ? ನದಿಯಾಚೆಯ ತಂಡ ಸೇರಿದ್ದೇನೆ.' ನದಿಯಾಚೆಯ ತಂಡವೆಂದರೆ ಈ ಊರಿಗೆ ಮೂರು ತಲೆಮಾರಿನ ಹಗೆ. ನಾವು ಚೀಟಿ ಕೊಟ್ಟೇ ಇಲ್ಲ, ಪೇಂಟರ್ ತಾನಾಗಿಯೇ ಅಳಿಸಿದ್ದು ಎಂದು ಆಫೀಸಿನವರು ಕೈ ತೊಳೆದುಕೊಂಡಿದ್ದರು.

ಪೇಂಟ್ರಣ್ಣನಿಗೆ ಊಟ ಸೇರಲಿಲ್ಲ. ತನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ಅತ್ತ. ಐವತ್ತಾರರ ಗಂಡಸು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ಹೆಂಡತಿಗೆ ಕೇಳಿಸದೆ ಇರಲಿಲ್ಲ. ಹೊರಗೆ ಔಷಧಿ ಅಂಗಡಿಯಮ್ಮ ಬೋರ್ಡು ಬರೆಸುವುದನ್ನು ಬೇರೆಯವನಿಗೆ ಕೊಟ್ಟಳು. ಕಂಡಕ್ಟರು ಬಸ್ಸಿನಲ್ಲಿ ಟಿಕೆಟ್ ಹರಿದು ಕೊಟ್ಟ, ಮುಖ ನೋಡಲಿಲ್ಲ. ಆಫೀಸಿನ ಮ್ಯಾನೇಜರು ಕರೆಸಿ, "ನೋಡಪ್ಪ, ಜನ ಸಿಟ್ಟಾಗಿದಾರೆ. ಮೊದಲನೇ ಪಂದ್ಯದೊಳಗೆ ತಣ್ಣಗಾದ್ರೆ ಸರಿ, ಇಲ್ದಿದ್ರೆ ಈ ಸಲ ಪ್ರಿಂಟ್ ಹೊಡೆಸಿ ಅಂಟಿಸ್ತೀವಿ," ಎಂದರು. ಒಮ್ಮೆ ಅಂಟಿಸಿದರೆ ಮತ್ತೆಂದೂ ಬ್ರಷ್ಷಿಗೆ ಕರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಒಬ್ಬ ಹೆಲ್ಮೆಟ್‌ಧಾರಿ ಬಾಗಿಲು ತಟ್ಟಿದ. ಒಳಗೆ ಬಂದು ಕುರ್ಚಿಯಲ್ಲಿ ಕೂತು, ಬಾಗಿಲು ಹಾಕಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಹೆಲ್ಮೆಟ್ ತೆಗೆದ. ಕ್ಯಾಪ್ಟನ್. ಹೆಂಡತಿ ಹಾಸಿಗೆಯ ಮೇಲಿದ್ದ ಒಗೆದ ಬಟ್ಟೆಯ ರಾಶಿಯ ಮೇಲೆ ಒಂದು ಚಾದರ ಎಳೆದಳು. ಪೇಂಟ್ರಣ್ಣ ಕೈಮುಗಿದು ನಿಂತ. ಕ್ಷಮೆ ಕೇಳಲೆಂದು ಬಾಯಿ ತೆರೆದ.

"ನೀವು ಕೊರಗ್ತಾ ಇದೀರ ಅಂತ ಕೇಳ್ದೆ," ಎಂದ ಕ್ಯಾಪ್ಟನ್. "ಕೊರಗ್ಬೇಡಿ. ನಾನು ಅಲ್ಲಿಗೆ ಸಹಿ ಹಾಕಿದ್ದು ಮೂರನೇ ತಾರೀಖು. ನೀವು ಬಿಳಿ ಹಚ್ಚೋಕೆ ಆರು ದಿನ ಮುಂಚೆ."

ಪೇಂಟ್ರಣ್ಣನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಂಡತಿಗೆ ಹಿಡಿಯಲಿಲ್ಲ. "ಹಾಗಾದ್ರೆ ಇವರ ತಲೆ ಮೇಲೆ ಯಾಕಪ್ಪ ಗೂಬೆ ಕೂರಿಸಿದೆ?" ಎಂದಳು.

"ಅಲ್ಲಿ ಮೂರು ವರ್ಷದ ಕರಾರು ಕೊಟ್ರಮ್ಮ. ಇಲ್ಲಿ ಒಂದೇ ವರ್ಷ ಅಂದ್ರು. ಈ ಮೊಣಕಾಲು ಇಟ್ಕೊಂಡು ಆಮೇಲೆ ನನ್ನ ಯಾರು ಕೇಳ್ತಾರೆ? ಹೇಗಪ್ಪ ಹೇಳೋದು ಜನಕ್ಕೆ ಅಂತ ನಿದ್ದೆ ಇರ್ಲಿಲ್ಲ. ಅಷ್ಟ್ರಲ್ಲಿ ಗೋಡೆ ಬೆಳ್ಳಗಾಗಿದೆ ಅಂತ ಸುದ್ದಿ ಬಂತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಈ ಮಾತನ್ನ ಗೋಡೆ ಹತ್ರ ಬಂದು ಹೇಳು," ಎಂದಳು ಹೆಂಡತಿ.

ಕ್ಯಾಪ್ಟನ್ ನೆಲ ನೋಡಿದ. "ಅದೊಂದು ಕೇಳ್ಬೇಡಿ. ಇಷ್ಟು ವರ್ಷ ಆಡಿ, ಕೊನೆಗೆ ಹಗೆಗಳ ಜೊತೆ ಸೇರ್ಕೊಂಡ ಅನ್ನಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ." ಹೆಲ್ಮೆಟ್ ಹಾಕಿಕೊಂಡು ಹೋದ.

ಪೇಂಟ್ರಣ್ಣನಿಗೆ ಮೊದಲು ಬಂದದ್ದು ನೆಮ್ಮದಿ, ಆಮೇಲೆ ಸಿಟ್ಟು. ಸಿಟ್ಟು ಬಂದದ್ದಕ್ಕೆ ಅವನಿಗೇ ಆಶ್ಚರ್ಯ. ಮರುದಿನ ಸಂಜೆ ನೇರ ಗೋಡೆಯ ಬಳಿಗೆ ಹೋದ. ಸಭೆ ಸೇರಿತ್ತು, ಕ್ಯಾಪ್ಟನ್ ಜಾಗಕ್ಕೆ ಬರುವ ಹುಡುಗನ ಎತ್ತರ ಸಾಕೋ ಸಾಲದೋ ಎಂದು ಚರ್ಚೆ ನಡೆದಿತ್ತು. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ: ಮೂರನೇ ತಾರೀಖು, ಮೂರು ವರ್ಷದ ಕರಾರು, ಮನೆಗೆ ಬಂದದ್ದು, ಎಲ್ಲ.



"ಹೆಲ್ಮೆಟ್ ಹಾಕ್ಕೊಂಡು ಬಂದ್ರಂತೆ," ಎಂದ ಕಂಡಕ್ಟರು. "ಕತೆ ಕಟ್ಟೋದಾದ್ರೂ ಸರಿಯಾಗಿ ಕಟ್ಟೋ."

"ನನ್ನ ತಾಯಾಣೆ."

"ಯಾಕಪ್ಪ ತಾಯಿನ ಎಳೀತೀಯ?" ಎಂದರು ಮೇಷ್ಟ್ರು, ಬೈಯುವ ದನಿಯಲ್ಲಲ್ಲ, ಬೇಸರದಿಂದ. "ತಪ್ಪು ಮಾಡಿದ್ದು ಒಂದು, ಅದನ್ನ ಅಂಥ ಮನುಷ್ಯನ ಮೇಲೆ ಹಾಕೋದು ಇನ್ನೊಂದು. ಮೊದಲನೇದನ್ನ ಹೊಟ್ಟೆಗೆ ಹಾಕ್ಕೋಬಹುದು."

ಔಷಧಿ ಅಂಗಡಿಯಮ್ಮನ ಕಣ್ಣು ತುಂಬಿತ್ತು. ಪೇಂಟ್ರಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ತಾನು ಏಣಿ ಹತ್ತುವವನಾಗದೆ ಅವರಲ್ಲೊಬ್ಬನಾಗಿದ್ದರೆ, ಬೇರೆ ಯಾವನೋ ಪೇಂಟರ್ ಬಂದು ಈ ಮಾತು ಹೇಳಿದ್ದರೆ, ತಾನೂ ನಂಬುತ್ತಿರಲಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಅರಿವಾಯಿತು. ಬಹುಶಃ ಎಲ್ಲರಿಗಿಂತ ಮೊದಲು ತಾನೇ ಅವನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ.

"ಆಯ್ತು," ಎಂದ. "ಸುಳ್ಳು ಹೇಳ್ದೆ. ನಾನೇ ಅಳಿಸಿದ್ದು. ನನ್ನಿಂದಲೇ ಅವರು ಹೋಗಿದ್ದು."

ಕಂಡಕ್ಟರು ಉಸಿರು ಬಿಟ್ಟ. ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ. "ಹೀಗೆ ಮೊದಲೇ ಹೇಳಿದ್ರೆ ಇಷ್ಟೆಲ್ಲ ಯಾಕೆ ಆಗ್ತಿತ್ತು? ತಪ್ಪು ಯಾರು ಮಾಡಲ್ಲ?" ಮೇಷ್ಟ್ರು ಬೆನ್ನು ತಟ್ಟಿದರು. ಔಷಧಿ ಅಂಗಡಿಯಮ್ಮ ಹೊಸ ಬೋರ್ಡಿನವನ ಅಕ್ಷರ ಸೊಟ್ಟಗಿದೆ, ಅಳಿಸಿ ಬರೆದುಕೊಡು ಎಂದಳು. ಮಾರನೆಯ ದಿನ ಮೂವರೂ ಆಫೀಸಿಗೆ ಹೋಗಿ, ಮನುಷ್ಯ ತಪ್ಪೊಪ್ಪಿಕೊಂಡಿದ್ದಾನೆ, ಅವನ ಅನ್ನಕ್ಕೆ ಕಲ್ಲು ಹಾಕಬೇಡಿ ಎಂದು ಮ್ಯಾನೇಜರ ಜೊತೆ ಮುಕ್ಕಾಲು ಗಂಟೆ ವಾದಿಸಿದರು. ಗೋಡೆ ಪೇಂಟ್ರಣ್ಣನಿಗೇ ಉಳಿಯಿತು. ಹೊಸ ಹುಡುಗನ ಹೆಸರನ್ನು ಅವನು ಬರೆದ, ಉಳಿದವರಷ್ಟೇ ಗಾತ್ರದಲ್ಲಿ.

ಮೊದಲನೇ ಪಂದ್ಯ ನದಿಯಾಚೆಯ ತಂಡದ ಮೇಲೆಯೇ ಬಿತ್ತು. ಬೇರೆ ಬಣ್ಣದ ಅಂಗಿ ತೊಟ್ಟು ಕ್ಯಾಪ್ಟನ್ ಮೈದಾನಕ್ಕೆ ಇಳಿದಾಗ ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಗೆ ತಂಡದವನಿಗೆ ಈ ಮೈದಾನದಲ್ಲಿ ಚಪ್ಪಾಳೆ ಬಿದ್ದದ್ದು ಹಿಂದೆಂದೂ ಇಲ್ಲ. ಕ್ಯಾಪ್ಟನ್ ಎದೆಯ ಮೇಲೆ ಕೈಯಿಟ್ಟು ನಾಲ್ಕೂ ಕಡೆ ತಲೆಬಾಗಿಸಿದ. ಪೇಂಟ್ರಣ್ಣನೂ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸಿಟ್ಟು ಇನ್ನೂ ಇತ್ತು. ಪ್ರೀತಿಯೂ ಹಾಳಾದ್ದು ಹೋಗಿರಲಿಲ್ಲ.

ಪಕ್ಕದಲ್ಲಿದ್ದ ಕಂಡಕ್ಟರು ಕಣ್ಣೊರೆಸಿಕೊಂಡು ಅವನ ಕಡೆ ಬಾಗಿದ. "ನೋಡು, ನೀನೊಬ್ಬ ಸ್ವಲ್ಪ ಯೋಚನೆ ಮಾಡಿದ್ದಿದ್ರೆ ಇವತ್ತು ಇವರು ನಮ್ಮ ಕಡೆ ಇರ್ತಿದ್ರು."

"ಹೌದು ಕಣಪ್ಪ," ಎಂದ ಪೇಂಟ್ರಣ್ಣ. "ಇರ್ತಿದ್ರು."